ಎರಡೂ ಎಡತೋಳು

ಕೋಣೆಯ ಬಾಡಿಗೆ ತಿಂಗಳಿಗೆ ಒಂಬೈನೂರು, ಮುಂಗಡ ಮೂರು ತಿಂಗಳದು, ಹಳೆಯ ಹೊಲಿಗೆ ಯಂತ್ರಕ್ಕೆ ನಾಲ್ಕು ಸಾವಿರ. ಇಷ್ಟನ್ನೂ ಅಕ್ಕ ಹೇಗೋ ಹೊಂದಿಸಿಕೊಂಡಿದ್ದಳು. ಹೊಂದದೆ ಉಳಿದದ್ದು ಕರಾರುಪತ್ರಕ್ಕೆ ಗಂಡಸಿನ ಸಹಿ. ಅದು ದುಡ್ಡಿಗೆ ಸಿಗುವ ಸರಕಲ್ಲ.

"ನಾಳೆ ಬಾಡಿಗೆ ನಿಂತ್ರೆ ಯಾರನ್ನ ಹಿಡೀಲಿ? ತಮ್ಮನ ಸಹಿ ಹಾಕಿಸ್ಕೊಂಡು ಬಾ, ಸಂಜೆ ತನಕ ಕಾಯ್ತೀನಿ," ಎಂದಿದ್ದಳು ಕೋಣೆಯ ಒಡತಿ ಮುದುಕಿ.

ದರ್ಜಿ ತಮ್ಮ ಸುತರಾಂ ಒಪ್ಪಲಿಲ್ಲ. ಹದಿನೇಳು ವರ್ಷ ತನ್ನ ಅಂಗಡಿಯಲ್ಲಿ ಬಿಡಿಗಾಸಿಲ್ಲದೆ ಹೊಲಿದವಳು ಎದುರಿಗೇ ಅಂಗಡಿ ತೆರೆಯುವುದೆಂದರೇನು?

"ನೀನಿಲ್ದಿದ್ರೆ ನಾನೇನು ಮುಳುಗಿ ಹೋಗ್ತೀನಾ?"

"ಇವತ್ತೊಂದಿನ ಈಜು, ನೋಡೋಣ," ಎಂದ ಅಕ್ಕ ಕತ್ತರಿ ಕೆಳಗಿಟ್ಟು, ಬೀದಿ ದಾಟಿ, ಮುದುಕಿಯ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹಾಡಹಗಲಲ್ಲಿ ಕೈಗೆ ಕೆಲಸವಿಲ್ಲ! ತಲೆ ಗಿರ್ರೆನ್ನುವಷ್ಟು ಖುಷಿ. ಸುಮ್ಮಸುಮ್ಮನೆ ನಗು ಉಕ್ಕುತ್ತಿತ್ತು.

ಮೂರು ಗಂಟೆಗೆ ವಕೀಲರೊಬ್ಬರು ತಮ್ಮನ ಅಂಗಡಿಗೆ ಬಂದು, ಒಳಪದರದ ಅಸ್ತರಿಲ್ಲದ ಹೊಸ ಕೋಟು ತೊಟ್ಟು ನೋಡಿದರು. ಎಡಗೈ ಸಲೀಸಾಗಿ ಹೋಯಿತು. ಬಲಗೈ ಮಾತ್ರ ಹಿಂದಕ್ಕೆ ತಿರುಚಿಕೊಂಡಿತು. ಅಕ್ಕ ಇಲ್ಲದ ಗಡಿಬಿಡಿಯಲ್ಲಿ ಎರಡೂ ಎಡತೋಳನ್ನೇ ಕತ್ತರಿಸಿ ಹೊಲಿದಿದ್ದ ತಮ್ಮ!

"ಏನಯ್ಯಾ, ಕೋರ್ಟಲ್ಲಿ ಬೆನ್ನು ಕೆರ್ಕೊಳ್ಳೋಕೆ ಹೊಲಿಸಿದ್ನಾ ಇದನ್ನ?"

ಮೆಟ್ಟಿಲ ಮೇಲಿದ್ದ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಕೋಟು ಹೊತ್ತು ಓಡಿಬಂದ.

"ಅಕ್ಕಾ, ಒಂದು ಚೂರು ಬಟ್ಟೆ ಉಳಿದಿಲ್ಲ ಕಣೇ! ಮಾನ ಉಳಿಸು!"

"ಲೋ ಪೆದ್ದಾ, ಈ ಬಟ್ಟೆಗೆ ಎರಡೂ ಮೈ ಒಂದೇ ಅಲ್ವೇನೋ? ಒಂದು ತೋಳು ಬಿಚ್ಚಿ, ಒಳಮೈ ಹೊರಗೆ ಮಾಡಿ ಹೊಲಿದ್ರೆ ಬಲತೋಳು ಆಯ್ತು. ಮಾಡ್ಕೊಡ್ತೀನಿ. ಸಹಿ?"

"ಹಾಕ್ತೀನಿ ಮಾರಾಯ್ತಿ, ಎಲ್ಲಿದೆ ಪತ್ರ?"

ಮುದುಕಿ ಪತ್ರದ ಮೇಲೆ ಅಂಗೈ ಊರಿದಳು. "ನಿನ್ನ ಸಹಿ ಯಾರಿಗೆ ಬೇಕಪ್ಪಾ? ಎಡ ಬಲ ಗೊತ್ತಿಲ್ದೋನನ್ನ ನಂಬಿ ಕೋಣೆ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ? ಏ ಹುಡುಗಿ, ನೀನೇ ಹಾಕು."

ನಲವತ್ತು ದಾಟಿದ ಹುಡುಗಿ ಕುಲುಕುಲು ನಗುತ್ತಲೇ ಸಹಿ ಹಾಕಿದಳು. ಅಕ್ಷರ ಸೊಟ್ಟಗಾಯಿತು. ತೋಳನ್ನು ಮಾತ್ರ ನೆಟ್ಟಗೆ ಕೂರಿಸಿ, ತಮ್ಮನಿಂದ ಮೂವತ್ತು ರೂಪಾಯಿ ವಸೂಲು ಮಾಡಿದಳು. ಅವನ ಕೈಯಿಂದ ಅವಳಿಗೆ ಬಂದ ಮೊದಲ ಕೂಲಿ ಅದು.

ತಮ್ಮ ಎರಡು ತಿಂಗಳು ಮಾತು ಬಿಟ್ಟ. ಅಲ್ಲಿಯವರೆಗೆ ಅವಳಿದ್ದ ಅವನ ಮನೆಯ ಬಿಸಿ ಊಟ ತಪ್ಪಿತು, ಮಕ್ಕಳ ಗಲಾಟೆಯೂ ತಪ್ಪಿತು. ಅದರಲ್ಲಿ ಎರಡನೆಯದಕ್ಕೆ ಅವಳಿಗೆ ನಿಜವಾಗಿ ಬೇಸರವಾಯಿತು. ಕೋಣೆ ಅವಳದಾಯಿತು. ದುಡಿದದ್ದು ಅವಳ ಕೈಗೇ ಬಂತು.