ಬಾಯಿಗೆ ಬಿಟ್ಟ ನೀರು

ಗುಂಡಯ್ಯ ಎತ್ತಿನ ಮೂಗುದಾರಕ್ಕೇ ಕೈ ಹಾಕಿದ. ಬೂವನಹಳ್ಳಿ ಸುಡುಗಾಡಿನ ಹುಣಸೆಮರದ ಹತ್ತಿರ ಗಾಡಿ ಜಗ್ಗಿ ನಿಂತಿತು. ಒಳಗೆ ಮುದ್ದಮ್ಮನ ಹೆಣ ಅಲುಗಿತು. ಹಿಂದೆ ನಡೆದು ಬರುತ್ತಿದ್ದ ಗಂಡ ಶಿವಯ್ಯ ಓಡಿಬಂದು ಅವಳ ತಲೆಗೆ ಕೈ ಆನಿಸಿದ. ಇನ್ನೂ ನೋವಾಗುತ್ತದೆ ಅಂದುಕೊಂಡನೋ ಏನೋ, ಪಾಪ.

"ತಿರುಗ್ಸಲಾ ಗಾಡಿಯ. ಇಲ್ಲಿ ಮಣ್ ಮಾಡಕ್ಕೆ ನಾ ಬುಡಾಕಿಲ್ಲ."

"ಅಣ್ಣಾ, ನಿನ್ನ ತಮ್ಮನ ಎಂಡ್ರು ಕಣಣ್ಣಾ ಇವ್ಳು," ಎಂದು ಶಿವಯ್ಯ ಕೈ ಮುಗಿದ.

"ತಮ್ಮನ ಎಂಡ್ರಾದ್ರೆ ಕತ್ನಾಗಿರೋದು ಏನ್ಲಾ ಅದು? ಕಿರಸ್ತಾನರ ಸರ! ಇಷ್ಟು ವರ್ಸ ಅವ್ರ ಕೂಳುಂಡೋಳು, ಅಲ್ಲೇ ಓಗ್ಲಿ. ನಾಳೆ ಊರೋರು ನನ್ನ ಮಕಕ್ಕೆ ಉಗೀತಾರೆ."

ಗಾಡಿ ಹೊಡೆಯುವ ಪಾಪಯ್ಯ ಬಗ್ಗಿ ಪಿಸುಗುಟ್ಟಿದ: "ಆ ಸರ ಒಂದ ತೆಗ್ದುಬುಡು ಶಿವಣ್ಣ. ಆಮೇಲೆ ನಿನ್ನಣ್ಣನ ಬಾಯಿ ಮುಚ್ಕೊತದೆ."

ಶಿವಯ್ಯ ಸರದವರೆಗೆ ಕೈ ಒಯ್ದು ಹಿಂದಕ್ಕೆ ತಂದ. "ತೆಗೀಬ್ಯಾಡ ಅಂದವ್ಳೆ."

ತಾನು ದುಡಿದ ಕಾನ್ವೆಂಟಿನ ಗೋಡೆಯೊಳಗಿನ ಸಮಾಧಿ ನೆಲದಲ್ಲೇ ಮಲಗಬೇಕೆಂಬುದು ಮುದ್ದಮ್ಮನ ಆಸೆ. ಗಂಡನ ಊರಿನ ಮಣ್ಣು ಸೇರುವುದೇ ರೀತಿ ಎಂದು ಶಿವಯ್ಯನೇ ಅದನ್ನು ಬದಿಗಿಟ್ಟು ಇಲ್ಲಿಗೆ ತಂದಿದ್ದ. ಈಗ ಊರೂ ಇಲ್ಲ. ಗಾಡಿ ತಿರುಗಿತು.

*

ಸ್ವಾತಂತ್ರ್ಯ ಬಂದ ಮರುವರ್ಷ ಹಾಸನದ ಅಂಚಿನಲ್ಲಿ, ಶಾಂತಿಗ್ರಾಮದ ದಾರಿಗೆ, ಕನ್ಯಾಸ್ತ್ರೀಯರು ಶಾಲೆ ಕಟ್ಟಿದರು. ಸರ್ಕಾರದ ಬಿಡಿಗಾಸೂ ಬೇಡವೆಂದು ಕಟ್ಟಿದ ಶಾಲೆ. ಮೊದಲ ದಿನದಿಂದಲೂ ಮುದ್ದಮ್ಮ ಅಲ್ಲಿ ಆಯಾ. ಹೆಣ್ಣುಮಕ್ಕಳ ತಲೆ ಬಾಚುವುದು, ಗಂಟೆ ಹೊಡೆಯುವುದು, ಪೂಜೆ ಮುಗಿದಾಗ ಮೇಣದ ಬತ್ತಿಯ ತುಂಡು ಆಯುವುದು. ಶಾಲೆಯವರು ಯಾರು ತೀರಿಕೊಂಡರೂ ದೇವಾಲಯದಿಂದ ಸಮಾಧಿ ನೆಲದ ಬಾಗಿಲವರೆಗೆ ಹುಡುಗಿಯರು ಎರಡೂ ಬದಿ ಬತ್ತಿ ಹಿಡಿದು ನಿಲ್ಲಬೇಕು. ಅದು ಅಲ್ಲಿಯ ಪದ್ಧತಿ. ಆ ಬತ್ತಿಗಳನ್ನು ಹಚ್ಚಿಕೊಡುತ್ತಿದ್ದವಳು ಇವಳೇ.

ಇನ್ನೊಂದು ಪದ್ಧತಿಯಿತ್ತು. ಶಾಲೆಯ ಗೇಟಿನ ಬಳಿ ಯಾರೋ ಬಿಟ್ಟುಹೋದ ಕೂಸು ಕೊನೆಯುಸಿರು ಎಳೆಯುತ್ತಿದ್ದರೆ ಫಾದರ್ ಬರುವ ತನಕ ಕಾಯುವಂತಿಲ್ಲ. ಹತ್ತಿರವಿದ್ದವರೇ ಹಣೆಗೆ ನೀರು ಹೊಯ್ದು, 'ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ' ಎಂಬ ಮಾತು ಹೇಳಿ, ಕ್ರೈಸ್ತರನ್ನಾಗಿಸುವ ಜ್ಞಾನಸ್ನಾನ ಕೊಡಬೇಕು. ಸಿಸ್ಟರ್ ಫಿಲೋಮಿನಾ ಆಯಾಗಳಿಗೆಲ್ಲ ಕಲಿಸಿದ್ದರು. ಜ್ವರದ ವರ್ಷ ಮುದ್ದಮ್ಮ ಎಷ್ಟು ಕೂಸುಗಳಿಗೆ ನೀರು ಹೊಯ್ದಳೋ! ಅವೆಲ್ಲ ಗೋಡೆಯೊಳಗೆ ಪುಟ್ಟ ಪುಟ್ಟ ಶಿಲುಬೆಗಳ ಕೆಳಗೆ ಮಲಗಿವೆ.

"ನಿಂಗೇ ಆಗಿಲ್ಲ, ನೀನು ಕೊಟ್ರೆ ನಡೀತದಾ?" ಎಂದು ಶಿವಯ್ಯ ನಕ್ಕಿದ್ದ.

"ಯಾರ್ ಕೊಟ್ರೂ ನಡೀತದಂತೆ. ನೀನೂ ಕೊಡ್ಬೋದು. ಆ ಮಾತು ಕಲ್ತ್ಕೋ ಅಂದ್ರೆ ಕಲಿಯಾಕಿಲ್ಲ ನೀನು." ಹಾಗೆಯೇ ಕೇಳಿದ್ದಳು: "ನಾನೂ ತಕಳ್ಳಾ?"

"ಸಣ್ಣಕ್ಕನ ಮದ್ವೆ ಮುಗೀಲಿ ತಡಿ. ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ?"

ಮಗಳು ಸಣ್ಣಕ್ಕನ ಮದುವೆಯಾಯಿತು. ಬಾಣಂತನವೂ ಆಯಿತು. ಮುದ್ದಮ್ಮ ರಾಗಿ ಬೀಸುತ್ತಾ ಜ್ಞಾನಸ್ನಾನದ ಆ ಮಾತನ್ನು ಗುನುಗುತ್ತಲೇ ಇದ್ದಳು. ಮತ್ತೆ ಕೇಳಲಿಲ್ಲ.

*

ಕಾನ್ವೆಂಟಿನ ಅಂಗಳದಲ್ಲಿ ಬಿಸಿಲೇರಿತ್ತು. ಗಾಡಿ ಕಂಡದ್ದೇ ಸಿಸ್ಟರ್ ಫಿಲೋಮಿನಾ ಯಾರನ್ನೂ ಕೇಳದೆ ಹುಡುಗಿಯರನ್ನು ಸಾಲು ನಿಲ್ಲಿಸಿಬಿಟ್ಟರು. ಬತ್ತಿಗಳು ಹತ್ತಿದವು. ಒಬ್ಬಳು ಬಿಕ್ಕಿದಳು, ಅವಳ ಜಡೆಯನ್ನು ಮೊನ್ನೆಮೊನ್ನೆಯವರೆಗೆ ಮುದ್ದಮ್ಮನೇ ಹೆಣೆದಿದ್ದಳು. ಶಿವಯ್ಯನ ಎದೆ ತಣ್ಣಗಾಯಿತು. ಸದ್ಯ, ಇವಳ ಆಸೆಯೇ ಗೆದ್ದಿತು ಅಂದುಕೊಂಡ.

ಫಾದರ್ ಪುಸ್ತಕ ಹಿಡಿದು ಬಂದರು. ಹುಡುಗಿಯರ ಸಾಲು ನೋಡಿ ನಿಂತರು. "ಸಿಸ್ಟರ್, ಇವರಿಗೆ ಜ್ಞಾನಸ್ನಾನ ಆಗಿಲ್ಲವಲ್ಲ. ಒಳಗಿನದು ಮಂತ್ರಿಸಿದ ನೆಲ, ಅದು ಆದವರಿಗೆ ಮಾತ್ರ."

ಸಿಸ್ಟರ್ ಶಿವಯ್ಯನ ಕಡೆ ತಿರುಗಿದರು. "ಶಿವಯ್ಯ, ಬೆಳಗಿನ ಜಾವ ನೀನೊಬ್ಬನೇ ಇದ್ದೆ. ಅವಳು ನೀರು ಕೇಳಿದಳಾ?"

"ಕೇಳುದ್ಲು ಕಣ್ ಸಿಸ್ಟರವ್ವ. 'ನೀರು, ನೀರು' ಅಂತ ನನ್ ಕೈ ಇಡ್ಕಂಡ್ಲು."

"ಕೊಟ್ಟೆಯಾ?"

"ಕೊಡ್ದೆ ಬುಡ್ತೀನಾ? ಕೊಟ್ಟೆ."

ಸಿಸ್ಟರ್ ಮುಖ ಅರಳಿತು. ಫಾದರ್ ಕೂಡ ಹತ್ತಿರ ಬಂದರು. "ಹಣೆಗೆ ಹೊಯ್ದಿರಾ? ಏನು ಹೇಳಿದಿರಿ?"

"ಬಾಯ್ಗೆ ಸಾಮಿ. ಬಾಯಾರಿತ್ತೇನೋ ಅಂತ ಬಾಯ್ಗೇ ಬುಟ್ಟೆ. 'ಕುಡಿ ಮುದ್ದಿ' ಅಂದೆ."

ಸಿಸ್ಟರ್ ಕಣ್ಣು ಮುಚ್ಚಿಕೊಂಡರು. ಆಗ ಶಿವಯ್ಯನಿಗೆ ತಿಳಿಯಿತು. ಅವಳು ಕೇಳಿದ್ದು ಯಾವ ನೀರು ಎಂಬುದೂ ತಿಳಿಯಿತು. ಅಯ್ಯೋ ದೇವರೇ, ಕುಡಿಯದೆ ತುಟಿಯಂಚಿನಿಂದ ಉಗುಳಿದಳಲ್ಲ, ಕೈ ಎತ್ತಿ ಹಣೆ ಮುಟ್ಟಿಕೊಂಡಳಲ್ಲ! ತಲೆನೋವೇನೋ ಎಂದು ಇವನು ಹಣೆ ಒತ್ತಿದ್ದ. ಹಣೆಗೇ ಹೊಯ್ದೆ ಅನ್ನೋಣವೆಂದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಎಷ್ಟು ಕೂಸುಗಳಿಗೆ ಕೊಟ್ಟವಳು ಫಾದರ್..." ಅಂದರು ಸಿಸ್ಟರ್.

"ನನ್ನ ಕೈಯಲ್ಲಿಲ್ಲ ಸಿಸ್ಟರ್," ಎಂದರು ಫಾದರ್. ಅವರ ಕಣ್ಣೂ ಒದ್ದೆಯಾಗಿತ್ತು. ಆದರೂ ಪುಸ್ತಕ ಮುಚ್ಚಿದರು. "ಮಕ್ಕಳನ್ನು ಕ್ಲಾಸಿಗೆ ಕಳಿಸಿ."

ಹುಡುಗಿಯರು ಒಬ್ಬೊಬ್ಬರಾಗಿ ಬತ್ತಿ ಊದಿದರು.

*

ಗೋಡೆಗೂ ರಸ್ತೆಗೂ ನಡುವೆ ಲಂಟಾನ ಪೊದೆ ಕಡಿದು ಪಾಪಯ್ಯ, ಶಿವಯ್ಯ ಗುಂಡಿ ತೋಡಿದರು. ಹಾಸನದ ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಗೋಡೆಯ ಆಚೆ ಕೂಸುಗಳ ಶಿಲುಬೆಗಳಿದ್ದವು.

ಮುದ್ದಮ್ಮನನ್ನು ಇಳಿಸಿದ ಮೇಲೆ ಶಿವಯ್ಯ ಗಾಡಿಯಿಂದ ನೀರಿನ ಚೊಂಬು ಎತ್ತಿಕೊಂಡು ತಾನೂ ಗುಂಡಿಗೆ ಇಳಿದ.

"ಇನ್ಯಾಕೆ ಶಿವಣ್ಣ?" ಅಂದ ಪಾಪಯ್ಯ.

ಶಿವಯ್ಯ ಅವಳ ಹಣೆಯ ಮೇಲೆ ಚೊಂಬು ಬಗ್ಗಿಸಿದ. ಬೀಸುಕಲ್ಲಿನ ಸದ್ದಿನ ಜೊತೆ ದಿನಾ ಕೇಳಿದ ಮಾತು. "ಪಿತನ..." ಅಂದ. ಮುಂದಿನದು ಬರಲಿಲ್ಲ. "ಪಿತನ..." ಮತ್ತೆ ಅಂದ.

"ಕುಡಿ ಮುದ್ದಿ," ಅಂದ.

ನೀರು ಹಣೆಯಿಂದ ಕಿವಿಯ ಪಕ್ಕಕ್ಕೆ ಹರಿದು, ಕೊರಳಿನ ಸರವನ್ನು ನೆನೆಸಿ, ಕೆಳಗಿನ ಮಣ್ಣಿನಲ್ಲಿ ಇಂಗಿತು.