ಕಲ್ಲುತೊಟ್ಟಿಯ ಮೀನು

ಆವಿಯಿಂದ ಓಡುವ ಹೊಸ ಕಾರು ಗುಡ್ಡದ ನಡುವೆ ಬುಸುಗುಟ್ಟಿ ನಿಂತಾಗ ಎಲ್‌ಬ್ರಿಜ್ ಥೇಯರನಿಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಇದಕ್ಕೆ ನೀರು ಕುಡಿಸಿದ್ದೇ ಆಯಿತು. ಅಮೆರಿಕದ ವರ್ಮಾಂಟಿನ ಆ ದಾರಿಯಲ್ಲಿ ಎದುರಾದವರೆಲ್ಲ "ಕುದುರೆ ಕಟ್ಕೊಳ್ಳಯ್ಯಾ!" ಎಂದು ಹಲ್ಲು ಕಿರಿದಿದ್ದರು ಬೇರೆ.

ದಾರಿಬದಿಯ ಮನೆಯೊಂದರ ಮುಂದೆ ಕುದುರೆಗಳಿಗೆಂದು ಇಟ್ಟ ಕಲ್ಲುತೊಟ್ಟಿಯಿತ್ತು. ಕೇಳಿ ಪಡೆಯುವ ತಾಳ್ಮೆ ಅವನಿಗೆ ಉಳಿದಿರಲಿಲ್ಲ. ರಬ್ಬರ್ ಕೊಳವೆ ಇಳಿಬಿಟ್ಟು, ಇದ್ದಬದ್ದ ನೀರನ್ನೆಲ್ಲ ಕಾರಿನ ಟ್ಯಾಂಕಿಗೆ ಹೀರಿಸಿಕೊಂಡ. ಬರಿದಾದ ತೊಟ್ಟಿಯ ತಳದಲ್ಲಿ ಮೀನೊಂದು ಪಟಪಟ ಒದ್ದಾಡತೊಡಗಿತು.

"ಅಯ್ಯೋ, ನಿನ್ನ ಮನೆ ಹಾಳಾಗ!" ಮನೆಯೊಡತಿ ಕೆಜಾಯಾ ಬಕೆಟ್ ಹಿಡಿದು ಓಡಿಬಂದಳು. "ಹುಳ ತಿಂದು ನೀರು ಚೊಕ್ಕಟವಾಗಿಡ್ಲಿ ಅಂತ ಸಾಕಿರೋ ಮೀನು ಕಣೋ ಅದು! ಬಿಡು ನೀರು!"

"ಒಂದು ಮೀನಿಗೋಸ್ಕರ ನಾನು ಬೀದೀಲಿ ಬಿದ್ದಿರ್ಬೇಕಾ? ರಾತ್ರಿ ಊಟಕ್ಕೆ ಹುರ್ಕೊಳ್ಳಮ್ಮ!"

ಅವಳು ಸೀದಾ ಹೋಗಿ ಟ್ಯಾಂಕಿನ ನಲ್ಲಿ ತಿರುಗಿಸಿ ಬಕೆಟ್ ಒಡ್ಡಿದಳು. ಹೆಂಗಸಿನ ಕೈ ಹಿಡಿದು ತಡೆಯುವಂತಿರಲಿಲ್ಲ. ಎಲ್‌ಬ್ರಿಜ್ ಅರಚಾಡಿದ, ಟೋಪಿಯನ್ನು ನೆಲಕ್ಕೆ ಬಡಿದ. ಅವಳು ಬಕೆಟ್ಟಿನ ಮೇಲೆ ಬಕೆಟ್ ಸುರಿದು, ಕೊನೆಯ ಹನಿಯವರೆಗೂ ನೀರನ್ನು ತೊಟ್ಟಿಗೆ ಮರಳಿಸಿದಳು. ಮೀನು ಬಾಲ ಬೀಸಿ ನೆರಳಿಗೆ ಸರಿಯಿತು.

"ಏಳು ವರ್ಷದಿಂದ ಕೆಲಸ ಮಾಡ್ತಿದೆ ನನ್ನ ಮೀನು. ಒಂದಿನಾನೂ ಮುನಿಸ್ಕೊಂಡು ನಿಂತಿಲ್ಲ," ಎಂದಳು ಕೆಜಾಯಾ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ. "ನಿಂದು?"

ಅವನ ಪರವಾಗಿ ಕಾರು ಒಮ್ಮೆ ಬುಸ್ಸೆಂದು, ಸುಮ್ಮನಾಯಿತು.