ನೇರಳೆ ದೀಪದ ಕೆಳಗೆ

ಮಗಳು ವಿಲ್ಯಾಳ ಕೆನ್ನೆಯ ಬಿಳಿ ಮಚ್ಚೆ ಎದ್ದು ಕಂಡದ್ದು ಬೇಸಿಗೆಯ ಬಿಸಿಲಿಗೆ ಅವಳ ಮೈ ಕಂದಿದ ಮೇಲೆ. ನನ್ನ ಅತ್ತೆ, "ಸೌನಾ ಹಬೆಮನೆಯಲ್ಲಿ ಕೂರ್ಸಿ ಬರ್ಚ್ ಮರದ ಸೊಪ್ಪಲ್ಲಿ ನಾಲ್ಕು ಬಾರ್ಸು, ಹೋಗುತ್ತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಎರಡೂ ಕೈಗಳಲ್ಲಿ ತೊನ್ನಿದೆ. ಶಾಲೆಯಲ್ಲಿ ನನ್ನನ್ನು 'ಹಾಲುಗೈ' ಎಂದು ಕರೆದು ಗೋಳು ಹೊಯ್ದುಕೊಂಡಿದ್ದರು. ಅದೇ ಮಗಳಿಗೂ ಬಂತೇ ಎಂಬ ಭಯಕ್ಕೆ ಅನ್ನನೀರು ಸೇರುತ್ತಿರಲಿಲ್ಲ.

ಟಾಂಪರೆ ನಗರದ ಚರ್ಮದ ಡಾಕ್ಟರ್ ಹಾಕೊಲಾ ನಮ್ಮನ್ನು ಕಿಟಕಿಯಿಲ್ಲದ ಕೋಣೆಗೆ ಕರೆದರು. ವಿಲ್ಯಾ ಬಾಗಿಲಲ್ಲೇ ನಿಂತಳು.

"ಸೂಜಿ ಚುಚ್ತೀರಾ?"

"ಸೂಜಿನೂ ಇಲ್ಲ, ಕತ್ತರಿನೂ ಇಲ್ಲ. ಬರೀ ಬೆಳಕು, ಆಮೇಲೊಂದು ಕ್ಯಾಮೆರಾ," ಎಂದರು ಆಕೆ.

ಕೋಣೆಯ ದೀಪ ಆರಿಸಿ ನೇರಳೆ ದೀಪ ಹಚ್ಚಿದರು. ಮಗಳು ಅಲುಗಾಡದಿರಲೆಂದು ನಾನು ಅವಳ ಗದ್ದ ಹಿಡಿದಿದ್ದೆ. ಆ ಕತ್ತಲಲ್ಲಿ ನನ್ನ ಬೆರಳುಗಳು ನೀಲಿಬಿಳುಪಾಗಿ ಝಗ್ಗೆಂದವು. ನಾನು ಮುಖ ತಿರುಗಿಸಿದೆ.

"ಅಮ್ಮಾ, ನಿನ್ ಕೈ ನೋಡೇ! ಲೈಟ್ ಹತ್ಕೊಂಡಿದೆ!"

"ಸುಮ್ನೆ ಕೂತ್ಕೊಳೇ."

"ನನ್ ಕೆನ್ನೆನೂ ಹೊಳೀತಿದ್ಯಾ?"

"ಇಲ್ಲ ಪುಟ್ಟಿ, ಬರೀ ಮಸುಕಾಗಿದೆ," ಎಂದರು ಹಾಕೊಲಾ. "ತೊನ್ನಾದ್ರೆ ಈ ಬೆಳಕಲ್ಲಿ ಹೊಳೆಯುತ್ತೆ. ಆದ್ರೂ ಇದೊಂದನ್ನೇ ನಂಬ್ಕೊಂಡು ಹೇಳೋಕಾಗಲ್ಲ."

ಮತ್ತೆ ಕೋಣೆಯ ದೀಪ ಹಾಕಿ, ಮಚ್ಚೆಗೆ ತಣ್ಣನೆಯ ಜೆಲ್ ಸವರಿ, ಕ್ಯಾಮೆರಾದ ಮೂತಿ ಒತ್ತಿದರು. ಚರ್ಮದ ಒಳಪದರ ಪರದೆಯ ಮೇಲೆ ಬೂದುಬಣ್ಣದಲ್ಲಿ ಮೂಡಿತು. ಎಲ್ಲೆಲ್ಲೂ ಪುಟಾಣಿ ಉಂಗುರಗಳು.

"ಚರ್ಮದ ಬಣ್ಣ ಇರೋದು ಈ ಉಂಗುರಗಳಲ್ಲೇ. ತೊನ್ನಾಗಿದ್ರೆ ಅಳಿಸ್ಹೋಗಿರ್ತಿದ್ವು. ಇಲ್ಲಿ ಸ್ವಲ್ಪ ಮಂಕಾಗಿವೆ, ಆದ್ರೆ ಎಲ್ಲಾ ಇಡಿಯಾಗಿವೆ. ಮಕ್ಕಳಿಗೆ ಬರೋ ಒಣಮಚ್ಚೆ ಅಷ್ಟೆ. ಮುಲಾಮು ಹಚ್ಚಿ, ನಿಧಾನಕ್ಕೆ ಹೋಗುತ್ತೆ."

"ಸದ್ಯ, ಬದುಕಿದೆ! ನನ್ ಹಾಗೆ ಆಗ್ಲಿಲ್ವಲ್ಲ, ದೇವರೇ!" ಎಂದು ನಾನು ಅತ್ತೇಬಿಟ್ಟೆ. ಅಷ್ಟು ಸಂತೋಷವಾಗಿತ್ತು.

ವಿಲ್ಯಾ ಜೆಲ್ ಮೆತ್ತಿದ ಕೆನ್ನೆಯಲ್ಲೇ ನನ್ನತ್ತ ತಿರುಗಿದಳು.

"ನಿನ್ ಹಾಗಾಗೋದು ಅಷ್ಟು ಕೆಟ್ಟದಾ?"

ಹೌದೆಂದರೆ ನನ್ನನ್ನು ನಾನೇ ಹೀಗಳೆದಂತೆ. ಇಲ್ಲವೆಂದರೆ ಅತ್ತದ್ದೇಕೆ?

ಅವಳು ಡಾಕ್ಟರ ತೋಳು ಜಗ್ಗಿದಳು. "ಆ ಲೈಟ್ ಇನ್ನೊಂದ್ಸಲ ಹಾಕಿ. ಅಮ್ಮ ತನ್ ಕೈ ನೋಡ್ಕೊಳ್ಳೇ ಇಲ್ಲ."

ಹಾಕೊಲಾ ಏನೂ ಕೇಳದೆ ಕೋಣೆಯ ದೀಪ ಆರಿಸಿ ನೇರಳೆ ದೀಪ ಹಚ್ಚಿದರು. ನಾಚಿಕೆಯಿಂದ ಕುಗ್ಗಿ ಹೋಗಿದ್ದೆ, ಆದರೂ ಈ ಸಲ ನನ್ನ ಕೈ ನೋಡಿಕೊಂಡೆ.